ಕರಣೆ ಹಿಡಿಯುವ ಕಲಿಕೆ ಶಾಲೆಯ ಹೊರಗೇ ಉಳಿದದ್ದು ಹೇಗೆ?

ಪುಣೆಯ ವಾಕಡ್, ಹಿಂಜೆವಾಡಿ ಕಡೆ ಹೊಸ ಕಟ್ಟಡಗಳ ಪಕ್ಕದ ತಗಡಿನ ಶೆಡ್‌ಗಳಲ್ಲಿ ಕನ್ನಡ ಕೇಳಿಸುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ. ಅಂಥ ಒಂದು ವಸ್ತಿಯಲ್ಲಿ ನಾನು ಕೆಲವು ವರ್ಷ ಸಂಜೆ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಪೈಥಾಗೊರಸ್ ಪ್ರಮೇಯ ಬಂದ ದಿನ ಒಬ್ಬ ಹುಡುಗ, "ಸರ್, ಇದು ನಮ್ಮಪ್ಪಗ ಗೊತ್ತೈತ್ರಿ" ಅಂದ. ನಿಜ. ಗೋಡೆ ಕಟ್ಟುವ ಗವಂಡಿಗಳು ಪಾಯದ ಮೂಲೆ ನೋಡುವುದೇ ಹಾಗೆ. ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತು ಹಾಕುತ್ತಾರೆ. ಎರಡು ಗುರುತಿನ ನಡುವೆ ಸರಿಯಾಗಿ ಐದು ಅಡಿ ಬಂದರೆ ಮೂಲೆ ಗುಣ್ಯಾದಲ್ಲಿದೆ, ಅಂದರೆ ಸರಿಯಾಗಿ 90 ಡಿಗ್ರಿ ಇದೆ ಅಂತ ಅರ್ಥ.

ಕರಣೆ (ಗಾರೆ ಹಚ್ಚುವ ಸಲಕರಣೆ) ಹಿಡಿಯುವ ಅಪ್ಪನ ಈ ವಿದ್ಯೆ ಮಗನ ಶಾಲೆಯಲ್ಲಿ ಯಾವ ವಿಷಯದೊಳಗೂ ಬರುವುದಿಲ್ಲ. ಈಗ ಒಂಬತ್ತನೇ ತರಗತಿಯಿಂದಲೇ ಕೌಶಲ ಕಲಿಸುತ್ತೇವೆ ಅಂತ ಯೋಜನೆಗಳ ಮೇಲೆ ಯೋಜನೆ ಬರುತ್ತಿವೆ. ಐಟಿಐ ಬೇರೆ, ಶಾಲೆಯ ವೃತ್ತಿ ವಿಷಯ ಬೇರೆ, ಸೈಟಿನಲ್ಲಿ ಕೊಡುವ ತರಬೇತಿ ಬೇರೆ. ಯಾವುದು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಅಂತ ಪಾಲಕರಿಗೆ ತಿಳಿಯುವುದೇ ಕಷ್ಟ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

1882ರ ಹಂಟರ್ ಶಿಕ್ಷಣ ಆಯೋಗವೇ ಹೈಸ್ಕೂಲಿನಲ್ಲಿ ಓದಿನ ದಾರಿ, ಕಸುಬಿನ ದಾರಿ ಅಂತ ಎರಡು ಇರಲಿ ಅಂದಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಪಾಠ ನಡೆಯಲಿ ಅಂದರು. ಐವತ್ತರ ದಶಕದಲ್ಲಿ ಮುದಲಿಯಾರ್ ಆಯೋಗ, ಅರವತ್ತರ ದಶಕದಲ್ಲಿ ಕೊಠಾರಿ ಆಯೋಗ ಅದೇ ಮಾತನ್ನು ಬೇರೆ ಬೇರೆ ಹೆಸರಿನಲ್ಲಿ ಹೇಳಿದವು. ಈ ನಡುವೆ 1950ರಲ್ಲಿ ಐಟಿಐಗಳ ತರಬೇತಿ ಯೋಜನೆ ಶುರುವಾಯಿತು. ಅಲ್ಲಿಂದ ಕಸುಬು ಒಂದು ಕಟ್ಟಡಕ್ಕೆ, ಓದು ಇನ್ನೊಂದು ಕಟ್ಟಡಕ್ಕೆ ಹೋಯಿತು. ಎರಡರ ಇಲಾಖೆಗಳೂ ಬೇರೆಯಾದವು.

ಈ ಗೋಡೆಯನ್ನು ಒಡೆದ ಪ್ರಯತ್ನ ಪುಣೆಯಿಂದ ಸುಮಾರು 70 ಕಿಲೋಮೀಟರ್ ದೂರದ ಪಾಬಳ್ ಎಂಬ ಬರದ ಹಳ್ಳಿಯಲ್ಲಿ ನಡೆಯಿತು. ಡಾ. ಶ್ರೀನಾಥ ಕಲಬಾಗ್ ಹಿಂದೂಸ್ತಾನ್ ಲಿವರ್‌ನಲ್ಲಿ ವಿಜ್ಞಾನಿಯಾಗಿದ್ದವರು. ಆ ಕೆಲಸ ಬಿಟ್ಟು ಬಂದು 1983ರಲ್ಲಿ ಇಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ವಾರದಲ್ಲಿ ಒಂದು ದಿನ ಪೂರ್ತಿ ಕೈಕೆಲಸ. ಕಟ್ಟಡ ಮತ್ತು ಕಬ್ಬಿಣದ ಕೆಲಸ, ವಿದ್ಯುತ್ತು-ಪರಿಸರ, ಬೇಸಾಯ-ಪಶುಪಾಲನೆ, ಮನೆ-ಆರೋಗ್ಯ ಅಂತ ನಾಲ್ಕು ಭಾಗ. ನಾಲ್ಕನ್ನೂ ಎಲ್ಲರೂ ಕಲಿಯಬೇಕು. ಹುಡುಗಿಯರೂ ವೆಲ್ಡಿಂಗ್ ಮಾಡಿದರು, ಇಟ್ಟಿಗೆ ಕಟ್ಟಿದರು. ಹುಡುಗರೂ ರಕ್ತದ ಗುಂಪು ಪರೀಕ್ಷೆ ಮಾಡುವುದು ಕಲಿತರು.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಸಂಗತಿ. ಮಕ್ಕಳು ಸುಮ್ನೆ ಒಂದು ಗೋಡೆ ಕಟ್ಟಿ, ಮಾರ್ಕ್ಸ್ ತಗೊಂಡು, ಅದನ್ನು ಕೆಡವುವ ಪದ್ಧತಿ ಅಲ್ಲಿರಲಿಲ್ಲ. ಊರಿಗೆ ಬೇಕಾದ ಕೆಲಸವನ್ನೇ ಮಾಡಿಕೊಡಬೇಕಿತ್ತು. ನಲ್ಲಿ ಜೋಡಣೆ, ಫೆರೋಸಿಮೆಂಟಿನ (ತಂತಿ ಬಲೆಗೆ ಸಿಮೆಂಟು ಗಾರೆ ಬಳಿದು ಮಾಡುವ) ತೊಟ್ಟಿ, ಶಾಲೆಯದೇ ಕಟ್ಟೆ. ನೀರು ಸೋರಿದರೆ ಊರವರು ಕೇಳುತ್ತಾರೆ, ಅಲ್ವಾ? ಆ ಹೊಣೆ ಇದ್ದಾಗ ಲೆಕ್ಕ ತಾನಾಗಿ ಬರುತ್ತದೆ. ಗಾರೆಗೆ ಒಂದು ಪಾಲು ಸಿಮೆಂಟು, ಆರು ಪಾಲು ಮರಳು ಅಂದರೆ ಅನುಪಾತದ ಪಾಠ. ನೂರು ಘನ ಅಡಿಗೆ ಒಂದು ಬ್ರಾಸ್ ಮರಳು ಅಂದರೆ ಘನಫಲದ ಪಾಠ. 1987ರಲ್ಲಿ ಮಹಾರಾಷ್ಟ್ರದ ಎಸ್‌ಎಸ್‌ಸಿ ಬೋರ್ಡು ಇದನ್ನು ಪರೀಕ್ಷೆಯ ವಿಷಯವಾಗಿ ಒಪ್ಪಿಕೊಂಡಿತು. ಹಳ್ಳಿ ಶಾಲೆಯ ಒಂದು ಪ್ರಯೋಗಕ್ಕೆ ಅದು ದೊಡ್ಡ ಮನ್ನಣೆ.

ಆದರೂ ಅದು ಕೆಲವೇ ಶಾಲೆಗಳಿಗೆ ಮುಟ್ಟಿತು. ವಾರಕ್ಕೊಂದು ದಿನ ಬಿಟ್ಟುಕೊಡಲು ಎಲ್ಲ ಶಾಲೆಗಳೂ ತಯಾರಿರಲಿಲ್ಲ. ಕಲಿಸುವ ಕೆಲಸಗಾರನಿಗೆ ಪದವಿ ಇಲ್ಲ, ಪದವಿ ಇದ್ದವರಿಗೆ ಕರಣೆ ಹಿಡಿದು ಗೊತ್ತಿಲ್ಲ. ನಾನು ಬಲ್ಲ ಒಂದು ಶಾಲೆಯಲ್ಲಿ ವರ್ಕ್‌ಶಾಪ್ ಕೋಣೆ ಮೊದಲು ಬೀಗ ಕಂಡಿತು, ಆಮೇಲೆ ಮುರಿದ ಬೆಂಚುಗಳ ಗೋದಾಮಾಯಿತು. ಆ ಹೊತ್ತಿಗೆ ನಗರದಲ್ಲಿ ಐಟಿ ಕೆಲಸ ಬಂದಿತ್ತು. ಎಲ್ಲ ಪಾಲಕರ ಕಣ್ಣೂ ಅಲ್ಲಿಗೇ ಹೋಯಿತು.

ದೆಹಲಿಯಲ್ಲಿ ಗುರಿಗಳಿಗೇನೂ ಬರವಿರಲಿಲ್ಲ. 1986ರ ಶಿಕ್ಷಣ ನೀತಿ ಪ್ಲಸ್ ಟೂ ಮಕ್ಕಳಲ್ಲಿ ನೂರಕ್ಕೆ 25 ಮಂದಿ 1995ರೊಳಗೆ ವೃತ್ತಿ ಶಿಕ್ಷಣಕ್ಕೆ ಬರಲಿ ಅಂದಿತ್ತು. ಅದು ಆಗಲಿಲ್ಲ. 2013ರಲ್ಲಿ ಕೌಶಲಗಳಿಗೆ ರಾಷ್ಟ್ರೀಯ ಚೌಕಟ್ಟು ಬಂತು. ಒಂಬತ್ತರಿಂದ ಹನ್ನೆರಡರ ತನಕ ನಾಲ್ಕು ಮೆಟ್ಟಿಲು ಮಾಡಿದರು. 2020ರ ನೀತಿ, 2025ರ ಹೊತ್ತಿಗೆ ಕಲಿಯುವವರಲ್ಲಿ ಅರ್ಧದಷ್ಟಾದರೂ ಯಾವುದಾದರೂ ವೃತ್ತಿಯ ಪರಿಚಯ ಪಡೆಯಲಿ ಅಂದಿತು. ಆರರಿಂದ ಎಂಟನೇ ತರಗತಿಯವರು ಹತ್ತು ದಿನ ಚೀಲವಿಲ್ಲದೆ ಬಂದು ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕಲಿಯಲಿ ಅಂತಲೂ ಬರೆಯಿತು. ಹತ್ತು ದಿನ ಒಳ್ಳೆಯದೇ. ಆದರೆ ಹತ್ತು ದಿನದಲ್ಲಿ ಓಳಂಬಾ (ಗೋಡೆ ನೆಟ್ಟಗಿದೆಯೇ ಅಂತ ನೋಡುವ ತೂಗುಗುಂಡು) ಹಿಡಿಯುವ ಕೈ ನಡುಗುವುದೂ ನಿಲ್ಲುವುದಿಲ್ಲ.

ಇನ್ನೊಂದು ತೊಡಕು ವಯಸ್ಸಿನದು. ಹತ್ತನೇ ತರಗತಿ ಮುಗಿಸುವ ಮಗುವಿಗೆ ಹದಿನಾರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು 18 ತುಂಬಬೇಕು. ಮಕ್ಕಳನ್ನು ಅಪಾಯದ ಕೆಲಸದಿಂದ ದೂರ ಇಡುವುದು ಸರಿಯೇ. ಆದರೆ ಆ ಎರಡು ವರ್ಷ ಏನು ಮಾಡಬೇಕು ಅಂತ ಯಾರೂ ಕೂತು ಹೇಳುವುದಿಲ್ಲ. ಐಟಿಐಯಲ್ಲಿ ಒಂದು ವರ್ಷದ ಗವಂಡಿ ತರಬೇತಿ ಇದೆ, ಅದಕ್ಕೆ ಎಂಟನೇ ತರಗತಿ ಸಾಕು. ಎರಡು ವರ್ಷದ ಸಿವಿಲ್ ಡ್ರಾಫ್ಟ್ಸ್‌ಮನ್ ಕೋರ್ಸಿಗೆ ಹತ್ತನೇ ತರಗತಿ ಬೇಕು. ನಕ್ಷೆ ಬರೆಯುವವನಿಗೆ ಹತ್ತು, ಕಟ್ಟುವವನಿಗೆ ಎಂಟು. ನನಗೆ ಈ ಅಂತರ ಸರಿ ಕಾಣುವುದಿಲ್ಲ. ಹೆಣ್ಣುಮಕ್ಕಳಿಗಂತೂ ಸೈಟಿನಲ್ಲಿ ಸಿಗುವುದು ಹೆಚ್ಚಾಗಿ ಹೊರೆ ಹೊರುವ ಬಿಗಾರಿ ಕೆಲಸ. ಇಪ್ಪತ್ತು ವರ್ಷ ಗಾರೆ ಹೊತ್ತವಳ ಕೈಗೂ ಕರಣೆ ಬರುವುದು ಅಪರೂಪ.

ಆ ಹುಡುಗನ ಅಪ್ಪನನ್ನು ಒಮ್ಮೆ ಕೇಳಿದ್ದೆ, ಮಗನಿಗೆ ನಿಮ್ಮ ಕೆಲಸ ಕಲಿಸೋಣವಾ ಅಂತ. "ಕರಣೆ ನಾ ಕಲಸ್ತೀನ್ರಿ ಸರ್. ನೀವು ನಕ್ಷೆ ಓದೋದು ಕಲಸ್ರಿ" ಅಂದರು. ಮರುದಿನ ನಾನು ಒಂದು ಮನೆಯ ಹಳೇ ನಕ್ಷೆ ತಂದೆ. ಮಗ ನಕ್ಷೆಯ ಮೂಲೆಯಲ್ಲಿ ಬರೆದಿದ್ದ 1:100 ಸ್ಕೇಲು (ಅಳತೆಯ ಪ್ರಮಾಣ) ನೋಡಿ, ನೂರರಿಂದ ಗುಣಿಸಿ ಕೋಣೆಯ ಅಳತೆ ತೆಗೆದ. ಅಪ್ಪ ಅಕ್ಷರ ಓದಲಾರರು. ಬೆರಳಿಟ್ಟು ತೋರಿಸಿದರು: ದಪ್ಪ ಗೆರೆ ಒಂಬತ್ತಿಂಚಿನ ಗೋಡೆ, ತೆಳು ಗೆರೆ ನಾಲ್ಕೂವರೆ.