ಬಾಟಲಿಯ ತಳಕ್ಕೆ ತುಕ್ಕು ಹಿಡಿದದ್ದು ಹೇಗೆ

"ಸಾರ್, ಚೀನಾದಲ್ಲಿ ಒಂದು ಫ್ಯಾಕ್ಟರಿ ಸಿಕ್ಕಿದೆ. ಸ್ಟೀಲ್ ಬಾಟಲಿಗೆ ನಮ್ಮ ಹೆಸರು ಹಾಕಿ ಕೊಡ್ತಾರಂತೆ. ಅಡ್ವಾನ್ಸ್ ಕಳಿಸಲಾ?"

ಇಂಥ ಫೋನು ನನಗೆ ಹೊಸದಲ್ಲ. ಸಣ್ಣ ವ್ಯಾಪಾರಿಗಳಿಗೆ ಹೊರದೇಶದಲ್ಲಿ ಮಾಲು ಮಾಡಿಸಿ, ಅವರದೇ ಬ್ರ್ಯಾಂಡ್ ಹಾಕಿಸಿ ತರಿಸಿಕೊಡುವುದೇ ನನ್ನ ಕಸುಬು. ಫೋಟೋ, ವಿಡಿಯೋ ಎಲ್ಲ ಆಮೇಲೆ, ಮೊದಲು ಕೊಟೇಶನ್ ಕಳಿಸಿ ಅನ್ನುತ್ತೇನೆ. ಯಾಕೆ ಅಂತ ಹೇಳಬೇಕಾದರೆ ನನ್ನದೇ ಒಂದು ಎಡವಟ್ಟಿನ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಗಿರಾಕಿಯೊಬ್ಬರಿಗೆ ಅರ್ಧ ಲೀಟರಿನ ಬಾಟಲಿ ಮಾಡಿಸಿದ್ದೆ. ಎರಡು ಪದರದ್ದು, ಬಿಸಿನೀರು ಬಿಸಿಯಾಗೇ ಇರುವಂಥದ್ದು, 1000 ಪೀಸ್. ಕಾರ್ಖಾನೆ ಇದ್ದದ್ದು ಝೆಜಿಯಾಂಗ್ ಪ್ರಾಂತ್ಯದ ಯೊಂಗ್‌ಕಾಂಗ್‌ನಲ್ಲಿ. ಫ್ಲಾಸ್ಕು, ಬಾಟಲಿ ಅಂದರೆ ಈ ಧಂಧೆಯಲ್ಲಿ ಇರುವವರಿಗೆಲ್ಲ ಮೊದಲು ನೆನಪಾಗುವ ಊರು ಅದು. ಸ್ಯಾಂಪಲ್ ಬಂತು. ರಾತ್ರಿ ಬಿಸಿನೀರು ತುಂಬಿಟ್ಟು ಬೆಳಿಗ್ಗೆ ಕುಡಿದು ನೋಡಿದೆ, ನಾಲಿಗೆ ಸುಟ್ಟಿತು. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಸರಿ, ಮಾಡಿ ಅಂದೆ.

ಮಾಲು ಅಂಗಡಿಗೆ ಹೋಗಿ ಎರಡು ತಿಂಗಳು ಆಗಿತ್ತೋ ಇಲ್ಲವೋ, ಗಿರಾಕಿಯ ಫೋನು: "ಇದೆಂತ ಮಾರಾಯ್ರೆ, ಸ್ಟೀಲು ಅಂತ ಹೇಳಿದ್ರಿ, ತುಕ್ಕು ಬರ್ತಾ ಉಂಟಲ್ಲ?"

ನಿಜ. ತಳದಲ್ಲಿ, ವೆಲ್ಡಿಂಗ್ ಅಂಚಿನ ಸುತ್ತ, ಕಾಫಿಪುಡಿ ಚೆಲ್ಲಿದ ಹಾಗೆ ಕಂದು ಚುಕ್ಕಿಗಳು. ಒಳಗಡೆ ನೋಡಿದರೆ ಫಳಫಳ. ಹಳೇ ಕೊಟೇಶನ್ ತೆಗೆದೆ. "ಎಸ್‌ಎಸ್ 304/201" ಅಂತ ಇತ್ತು. ನಾನು 304 ಓದಿ ಮುಂದೆ ಹೋಗಿದ್ದೆ. ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್, ನಂಬರು ಅದರ ದರ್ಜೆ. ಒಳಪದರ 304, ಹೊರಪದರ 201 ಅಂತ ಅದರ ಅರ್ಥ.

304 ಸ್ಟೀಲಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ನಿಕಲ್ ದುಬಾರಿ. ಅದಕ್ಕೇ 201ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಬೆಂಗಳೂರಿನ ಹವೆಗೆ ಅದೂ ಹೇಗೋ ನಡೆಯುತ್ತದೆ, ಕರಾವಳಿಯ ಉಪ್ಪುಗಾಳಿಗೆ ನಡೆಯುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ನೋಡುವ ನಮ್ಮ ಅಭ್ಯಾಸ ಇದೆಯಲ್ಲ, ಇಲ್ಲಿ ಅದು ಕೆಲಸಕ್ಕೆ ಬಾರದು, ಯಾಕಂದ್ರೆ 201ಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಇದಕ್ಕೇ ಅಂತ ಒಂದು ಟೆಸ್ಟ್ ದ್ರವ ಸಿಗುತ್ತದೆ, ಪುಟ್ಟ ಸೀಸೆ, ಜೊತೆಗೊಂದು 9 ವೋಲ್ಟ್ ಬ್ಯಾಟರಿ. ಬಣ್ಣ ಬಳಿಯದ ತಳದ ಮೇಲೆ ಒಂದು ಹನಿ ಹಾಕಿ ಬ್ಯಾಟರಿ ಮುಟ್ಟಿಸಿದರೆ, 201 ಆಗಿದ್ದರೆ ಹನಿ ಕೆಂಪಗಾಗುತ್ತದೆ. ಮಾಲಿನ ತಳ ಕುಂಕುಮದಂತೆ ಕೆಂಪಾಯಿತು. ಸ್ಯಾಂಪಲ್ಲಿನ ತಳಕ್ಕೂ ಹಾಕಿದೆ. ಬಣ್ಣ ಬದಲಾಗಲೇ ಇಲ್ಲ.

ಅಂದರೆ ಕಳಿಸಿದ ಸ್ಯಾಂಪಲ್ಲೇ ಬೇರೆ. ಚೀನೀಯರ ವಾಟ್ಸಾಪ್ ಅನ್ನಬಹುದಾದ ವೀಚಾಟ್‌ನಲ್ಲಿ ಕಾರ್ಖಾನೆಯವರ ಮೇಲೆ ರೇಗಾಡಿದೆ. ಆ ಕಡೆಯ ಹುಡುಗಿ ಒಂದಿಷ್ಟೂ ಬಿಸಿಯಾಗದೆ ಉತ್ತರ ಕೊಟ್ಟಳು: ಸ್ಯಾಂಪಲ್ ಶೋರೂಮಿನಲ್ಲಿ ಇದ್ದದ್ದು, ರೇಟು ಕೊಟೇಶನ್‌ನಲ್ಲಿ ಬರೆದದ್ದಕ್ಕೆ. ತಪ್ಪು ಹುಡುಕೋಣ ಅಂದರೆ ಸಿಗಲಿಲ್ಲ. ರೇಟು ಇಳಿಸಿ, ಇಳಿಸಿ ಅಂತ ಮೂರು ಸಲ ಹಿಂಡಿದ್ದು ನಾನೇ ಅಲ್ವಾ? ಉಳಿದ ಬಾಟಲಿಗಳನ್ನು 201 ಅಂತ ಹೇಳಿಯೇ ಬೆಂಗಳೂರಿನಲ್ಲಿ ಅಸಲು ಬೆಲೆಗೆ ದಾಟಿಸಿದೆವು.

ನಾವು ಬರೆಯದೆ ಬಿಟ್ಟ ಜಾಗವನ್ನು ಕಾರ್ಖಾನೆ ತನಗೆ ಅಗ್ಗ ಬೀಳುವ ಮಾಲಿನಿಂದ ತುಂಬುತ್ತದೆ. ಚೀನೀ ಭಾಷೆಯಲ್ಲಿ "ಛಾಬುದುವೊ" ಅಂತ ಒಂದು ಮಾತಿದೆ, ಹೆಚ್ಚೂಕಮ್ಮಿ ಸರಿ ಇದೆ ಅಂತ ಅರ್ಥ. ನಮ್ಮ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ"ಯ ಅಣ್ಣ ಅಂದುಕೊಳ್ಳಿ. ಬಾಟಲಿ ಕಪ್ಪಗಿರಬೇಕು ಅಂದರೆ ಸಾಲದು, ಯಾವ ಕಪ್ಪು ಅಂತ ಪ್ಯಾಂಟೋನ್ ನಂಬರ್ (ಪ್ರತಿ ಬಣ್ಣದ ಛಾಯೆಗೂ ಇರುವ ಗುರುತಿನ ಸಂಖ್ಯೆ) ಕೊಡಬೇಕು. ಒಳಗೆ ಯಾವ ಸ್ಟೀಲು, ಹೊರಗೆ ಯಾವುದು, ದಪ್ಪ ಎಷ್ಟು, ಖಾಲಿ ಬಾಟಲಿಯ ತೂಕ ಎಷ್ಟು ಗ್ರಾಂ, ಮುಚ್ಚಳದ ವಾಷರ್ ಸಿಲಿಕೋನೋ ಬರೀ ರಬ್ಬರೋ, ಲೋಗೋ ಲೇಸರಿನಿಂದ ಕೊರೆಯುವುದೋ ಪ್ರಿಂಟೋ, ಡಬ್ಬದ ರಟ್ಟು ಎಷ್ಟು ಗಟ್ಟಿ, ಎಲ್ಲವೂ ಒಂದೇ ಹಾಳೆಯಲ್ಲಿ ಬರಬೇಕು. ತೂಕ ಬರೆಯುವುದನ್ನು ಮರೀಬೇಡಿ. ತಗಡು ತೆಳ್ಳಗಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ. ಆ ಹಾಳೆಯಲ್ಲಿ ಇರುವ ಹಾಗೇ ಮಾಡಿದ ಹೊಸ ಸ್ಯಾಂಪಲ್ ತರಿಸಿ, ಶೋರೂಮಿನದು ಬೇಡ. ಒಪ್ಪಿಗೆಯಾದ ಮೇಲೆ ಸಹಿ ಹಾಕಿದ ಮೂರು ಪೀಸ್ ಇಡಿ: ಒಂದು ಅವರ ಹತ್ತಿರ, ಒಂದು ನಿಮ್ಮ ಹತ್ತಿರ, ಇನ್ನೊಂದು ಇನ್‌ಸ್ಪೆಕ್ಷನ್ ಮಾಡುವವರಿಗೆ.

ಇನ್‌ಸ್ಪೆಕ್ಷನ್ ಅಂದ ಕೂಡಲೇ ಎಲ್ಲರೂ ಖರ್ಚಿನ ಮಾತು ಎತ್ತುತ್ತಾರೆ. ಅಲ್ಲಿ ಒಂದು ದಿನದ ಕೂಲಿ ತೆಗೆದುಕೊಂಡು ಮಾಲು ಪರೀಕ್ಷೆ ಮಾಡಿ ಫೋಟೋ ಸಮೇತ ವರದಿ ಕೊಡುವ ಕಂಪನಿಗಳಿವೆ. ಎಷ್ಟು ಪೀಸ್ ತೆಗೆದು ನೋಡಬೇಕು ಅನ್ನುವ ಲೆಕ್ಕ ಐಎಸ್‌ಒ 2859-1 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ. 1000 ಬಾಟಲಿ ಇದ್ದರೆ ಸಾಮಾನ್ಯ ಮಟ್ಟದ ಪರೀಕ್ಷೆಗೆ ಸಿಕ್ಕಸಿಕ್ಕ ಡಬ್ಬಗಳಿಂದ 80 ತೆಗೆಯುತ್ತಾರೆ, ದೊಡ್ಡ ದೋಷಕ್ಕೆ ಎಕ್ಯುಎಲ್ (ಎಷ್ಟು ದೋಷ ಒಪ್ಪಬಹುದು ಅನ್ನುವ ಮಿತಿ) 2.5 ಇಟ್ಟುಕೊಂಡರೆ ಅದೇ ಮಾನದಂಡದ ಕೋಷ್ಟಕದ ಪ್ರಕಾರ ದೋಷದ ಬಾಟಲಿ 5ರವರೆಗೆ ಪಾಸು, 6 ಸಿಕ್ಕರೆ ಇಡೀ ಮಾಲು ಫೇಲು. ಆದರೆ ಯಾವುದು ದೊಡ್ಡ ದೋಷ ಅಂತ ಹೇಳಬೇಕಾದವರು ನೀವೇ. ಲೋಗೋ ಮೇಲೆ ಟೇಪ್ ಅಂಟಿಸಿ ಕೀಳಬೇಕು, ಹನಿ ಹಾಕಿ ನೋಡಬೇಕು ಅಂತ ಬರೆದುಕೊಡದಿದ್ದರೆ ಅವರು ಸುಮ್ನೆ ಎಣಿಸಿ ಬರುತ್ತಾರೆ.

ಹಣ ಸಾಮಾನ್ಯವಾಗಿ 30% ಮುಂಗಡ, 70% ಮಾಲು ಹೊರಡುವ ಮುನ್ನ. ಈ 70% ನಿಮ್ಮ ಕೈಯಲ್ಲಿ ಇರುವಾಗಲೇ ಪರೀಕ್ಷೆ ಮುಗಿಯಬೇಕು. ಅದು ಹೋದ ಮೇಲೆ ನಿಮ್ಮ ಮೆಸೇಜಿಗೆ ಉತ್ತರ ಬರುವುದೂ ತಡ. ನಡುವೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಇಮೇಲ್ ಬಂದರೆ ಕಳ್ಳರದ್ದು ಅಂತಲೇ ತಿಳಿದು, ವಿಡಿಯೋ ಕಾಲಿನಲ್ಲಿ ಮುಖ ನೋಡಿ ಕೇಳಿ. ಚೀನೀ ಹೊಸ ವರ್ಷದ ಹಿಂದೆ ಮುಂದೆ, ಅಂದರೆ ಜನವರಿ-ಫೆಬ್ರವರಿಯಲ್ಲಿ, ಆರ್ಡರ್ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಕಾರ್ಖಾನೆಗಳು ವಾರಗಟ್ಟಲೆ ಬಾಗಿಲು ಹಾಕುತ್ತವೆ, ರಜೆಗೆ ಊರಿಗೆ ಹೋದ ಕೆಲಸಗಾರರೆಲ್ಲ ವಾಪಸ್ ಬರುತ್ತಾರೆ ಅಂತೇನಿಲ್ಲ.

ಸಾಗಣೆಗೆ ಸಿಐಎಫ್ ರೇಟು, ಅಂದರೆ ನಮ್ಮ ಬಂದರಿನವರೆಗಿನ ಹಡಗಿನ ಬಾಡಿಗೆ, ವಿಮೆ ಎಲ್ಲ ಅವರೇ ಸೇರಿಸಿ ಹೇಳುವ ರೇಟು, ಕಡಿಮೆ ಕಂಡರೆ ಹಿಗ್ಗಬೇಡಿ. ಅರ್ಧ ಕಂಟೇನರೂ ತುಂಬದ ಮಾಲಾದರೆ ಅಲ್ಲಿ ಉಳಿಸಿದ್ದನ್ನೆಲ್ಲ ಚೆನ್ನೈನಲ್ಲಿ ಹತ್ತೆಂಟು ಹೆಸರಿನ ಚಾರ್ಜು ಹಾಕಿ ವಸೂಲಿ ಮಾಡುತ್ತಾರೆ. ನಾನು ಎಫ್‌ಒಬಿ, ಅಂದರೆ ಅಲ್ಲಿಯ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ರೇಟು ಮಾತ್ರ ಕೇಳಿ, ಮುಂದಿನ ಸಾಗಣೆಗೆ ನಮ್ಮ ಕಡೆಯ ಫಾರ್ವರ್ಡರನ್ನೇ (ಸಾಗಣೆ ಏಜೆಂಟ್) ಹಾಕುತ್ತೇನೆ.

ಬ್ರ್ಯಾಂಡ್ ಹೆಸರು ಇಲ್ಲಿ ನೋಂದಾಯಿಸಿದರೆ ಚೀನಾದಲ್ಲಿ ಅದಕ್ಕೆ ಬೆಲೆ ಇಲ್ಲ. ಅಲ್ಲಿ ಯಾರು ಮೊದಲು ಅರ್ಜಿ ಹಾಕುತ್ತಾರೋ ಹೆಸರು ಅವರದು. ಧಂಧೆ ಕುದುರುವ ಲಕ್ಷಣ ಕಂಡರೆ ಅಲ್ಲೂ ಹಾಕಿಬಿಡಿ.

ಇಷ್ಟೆಲ್ಲ ಆದರೂ ಇವತ್ತು ನಾನು ಮಂಗಳೂರಿನ ಆ ಬಾಟಲಿಯನ್ನು ಹಾಗೆ ತರಿಸಲಾರೆ. 2023ರಲ್ಲಿ ಕೇಂದ್ರ ಸರಕಾರ ಫ್ಲಾಸ್ಕು, ಬಾಟಲಿಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ಐಎಸ್‌ಐ ಗುರುತು ಬೇಕು, ಅದನ್ನು ಕೊಡುವುದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ), ಅದರ ಲೈಸೆನ್ಸ್ ಆಮದು ಮಾಡುವ ನಿಮ್ಮ ಹೆಸರಿಗಲ್ಲ, ಅಲ್ಲಿಯ ಕಾರ್ಖಾನೆಯ ಹೆಸರಿಗೆ ಇರಬೇಕು. ಡಬ್ಬದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ಯಾವ ದೇಶದ್ದು ಅನ್ನುವುದೂ ಬೇಕು. ಅದನ್ನು ಡಬ್ಬದ ಡಿಸೈನಿನಲ್ಲೇ ಸೇರಿಸಿಬಿಟ್ಟರೆ ಇಲ್ಲಿ ಕೂತು ಸ್ಟಿಕ್ಕರ್ ಅಂಟಿಸುವ ಕೆಲಸ ತಪ್ಪುತ್ತದೆ.

ಅಡ್ವಾನ್ಸ್ ಕಳಿಸಲಾ ಅಂತ ಕೇಳಿದ ಹುಡುಗನಿಗೆ, ಮೊದಲು ಬಿಐಎಸ್ ಲೈಸೆನ್ಸ್ ನಂಬರ್ ಕೇಳು, ಬಂದರೆ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡು ಅಂದೆ. ಮೂರು ಕಾರ್ಖಾನೆಗೆ ಬರೆದ. ಎರಡು ಕಡೆಯಿಂದ ಐದೇ ನಿಮಿಷದಲ್ಲಿ "ನೋ ಪ್ರಾಬ್ಲಮ್ ಡಿಯರ್" ಬಂತು, ನಂಬರ್ ಬರಲಿಲ್ಲ. ಮೂರನೆಯವರು ಇನ್ನೂ ಉತ್ತರ ಕೊಟ್ಟಿಲ್ಲ. ಅಡ್ವಾನ್ಸ್ ಸದ್ಯಕ್ಕೆ ಅವನ ಖಾತೆಯಲ್ಲೇ ಇದೆ.