ಸರ್ಕಾರವನ್ನು ಟೀಕಿಸಿದರೆ ಕೇಸು ಬೀಳುತ್ತದೆಯೇ?

ಪ್ರಶ್ನೆ: ದೇಶದ ರಾಜಕೀಯದ ಬಗ್ಗೆ ಗುರುತು ಪರಿಚಯ ಇಲ್ಲದವರ ಜೊತೆಗೂ ವಾದಕ್ಕಿಳಿಯುವ ಅಭ್ಯಾಸ ನನಗಿದೆ. ಕೇಂದ್ರ ಸರ್ಕಾರವನ್ನೋ ಪ್ರಧಾನಿಯನ್ನೋ ಟೀಕಿಸಿದ ಕೂಡಲೇ ಎದುರಿನವರು ‘ನಿಮ್ಮ ಮೇಲೆ ದೇಶದ್ರೋಹದ ಕೇಸು ಹಾಕಿಸುತ್ತೇನೆ’ ಎನ್ನುತ್ತಾರೆ. ಮನೆಯಲ್ಲಿಯೂ ‘ಊರ ಉಸಾಬರಿ ನಿನಗೇಕೆ’ ಎಂದು ಹೆದರಿಸುತ್ತಾರೆ. ಕಾನೂನು ನಿಜವಾಗಿ ಎಲ್ಲಿಯವರೆಗೆ ಮಾತನಾಡಲು ಬಿಡುತ್ತದೆ?

ಉತ್ತರ: ನಿಮ್ಮ ಮನೆಯವರು ಅಂದುಕೊಂಡಿರುವುದಕ್ಕಿಂತ ಬಹಳ ದೂರದವರೆಗೆ ಬಿಡುತ್ತದೆ. ಸರ್ಕಾರವನ್ನು, ಅದರ ನೀತಿಯನ್ನು, ಪ್ರಧಾನಿಯನ್ನು, ಮುಖ್ಯಮಂತ್ರಿಯನ್ನು, ಯಾವುದೇ ಪಕ್ಷವನ್ನು ಕಟುವಾಗಿ ಟೀಕಿಸುವುದು ಭಾರತದಲ್ಲಿ ಅಪರಾಧವಲ್ಲ. ಅಪಾಯ ಇರುವುದು ಬೇರೆ ಕಡೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಈ ಹೆದರಿಕೆಗೆ ಬಲಿಯಾಗಿ ಸುಮ್ಮನಾಗುವವರು ಬಹುಪಾಲು ಯೋಚಿಸಿ ಮಾತನಾಡುವವರೇ. ಬಾಯಿಗೆ ಬಂದಂತೆ ಬೈಯುವವರು ಯಾವ ಬೆದರಿಕೆಗೂ ಜಗ್ಗುವುದಿಲ್ಲ. ಹೀಗೆ ಚರ್ಚೆಯ ಜಾಗವನ್ನು ಅವರ ಕೈಗೇ ಬಿಟ್ಟುಕೊಡುತ್ತಿದ್ದೇವೆ ಎಂಬ ಸಂಕಟದಿಂದಲೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ‘ದೇಶದ್ರೋಹ’ದ ಮಾತು. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿದ್ದ 124ಎ ಎಂಬ ಕಲಂ ಸರ್ಕಾರದ ಬಗ್ಗೆ ಅಪ್ರೀತಿ ಹುಟ್ಟಿಸುವುದನ್ನೇ ಅಪರಾಧ ಎನ್ನುತ್ತಿತ್ತು. ತಿಲಕರನ್ನೂ ಗಾಂಧೀಜಿಯವರನ್ನೂ ಜೈಲಿಗೆ ಕಳುಹಿಸಿದ್ದು ಅದೇ ಕಲಂ. ಸಂವಿಧಾನ ರಚನೆಯ ವೇಳೆ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಹಾಕಬಹುದಾದ ನಿರ್ಬಂಧಗಳ ಕರಡಿನಲ್ಲಿಯೂ ಈ ಪದ ಸೇರಿಕೊಂಡಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯ ಸದಸ್ಯ ಕೆ.ಎಂ. ಮುನ್ಶಿ ಅದನ್ನು ತೆಗೆದುಹಾಕಬೇಕೆಂದು ವಾದಿಸಿದರು. ಸರ್ಕಾರವನ್ನು ಟೀಕಿಸುವುದೇ ಪ್ರಜಾಪ್ರಭುತ್ವದ ಸತ್ವ ಎಂಬುದು ಅವರ ನಿಲುವು. ಪದ ಹೋಯಿತು. ಇಂದಿಗೂ ಸಂವಿಧಾನದ 19(2)ನೇ ವಿಧಿಯಲ್ಲಿ ಅದು ಇಲ್ಲ. ಅಲ್ಲಿರುವುದು ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮತ್ತು ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಆಳುವವರ ಮುಜುಗರ ಎಂಬ ಕಾರಣ ಈ ಪಟ್ಟಿಯಲ್ಲಿಲ್ಲ.

ಆದರೂ ದಂಡ ಸಂಹಿತೆಯೊಳಗೆ 124ಎ ಉಳಿದುಕೊಂಡಿತು. 1962ರಲ್ಲಿ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡದಿದ್ದರೂ ಅದರ ಹಲ್ಲು ಕಿತ್ತಿತು: ಹಿಂಸೆಗೆ ಅಥವಾ ಸಾರ್ವಜನಿಕ ಅವ್ಯವಸ್ಥೆಗೆ ಪ್ರಚೋದಿಸುವ ಮಾತಿಗಷ್ಟೇ ಕಲಂ ಅನ್ವಯಿಸುತ್ತದೆ, ಮಾತು ಎಷ್ಟೇ ಕಟುವಾಗಿದ್ದರೂ ಬರೀ ಟೀಕೆಗೆ ಅಲ್ಲ. ಇಂದಿರಾ ಗಾಂಧಿ ಹತ್ಯೆಯಾದ ದಿನವೇ ಚಂಡೀಗಢದಲ್ಲಿ ಖಾಲಿಸ್ತಾನದ ಪರ ಘೋಷಣೆ ಕೂಗಿದ ಇಬ್ಬರ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ಸೂಕ್ಷ್ಮವಾದ ಗಳಿಗೆ ಇನ್ನೊಂದಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಇಬ್ಬರೇ ನಿಂತು ಒಂದೆರಡು ಸಲ ಕೂಗಿದ ಘೋಷಣೆಗೆ ಜನ ಪ್ರತಿಕ್ರಿಯಿಸಿರಲಿಲ್ಲ, ಏನೂ ಘಟಿಸಿರಲಿಲ್ಲ ಎಂಬುದನ್ನು ಕೋರ್ಟ್ ಗಮನಿಸಿತು.

2022ರ ಮೇ 11ರಂದು ಸುಪ್ರೀಂ ಕೋರ್ಟ್ 124ಎ ಬಳಕೆಯನ್ನೇ ತಡೆಹಿಡಿಯಿತು. ಹಳೆಯ ದಂಡ ಸಂಹಿತೆಯ ಬದಲು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. ಅದರ ಬದಲು 152ನೇ ಕಲಂ ಇದೆ. ಪ್ರತ್ಯೇಕತೆ, ಸಶಸ್ತ್ರ ಬಂಡಾಯ, ವಿಧ್ವಂಸಕ ಕೃತ್ಯಗಳಿಗೆ ಉತ್ತೇಜನ ನೀಡುವುದು, ದೇಶದ ಏಕತೆಗೆ ಅಪಾಯ ತರುವುದು ಅದರ ವ್ಯಾಪ್ತಿಯಲ್ಲಿ ಬರುತ್ತವೆ. ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಇದರ ಭಾಷೆ ಇರಬೇಕಾದುದಕ್ಕಿಂತ ಹೆಚ್ಚು ಸಡಿಲವಾಗಿದೆ. ‘ಏಕತೆಗೆ ಅಪಾಯ’ ಎಂಬುದನ್ನು ಒಬ್ಬೊಬ್ಬ ಠಾಣಾಧಿಕಾರಿ ಒಂದೊಂದು ರೀತಿ ಓದಬಲ್ಲ. ಆದರೆ ಸರ್ಕಾರದ ಕ್ರಮಗಳನ್ನು ಕಾನೂನುಬದ್ಧವಾಗಿ ಬದಲಾಯಿಸುವ ಉದ್ದೇಶದ ಅಸಮ್ಮತಿ ಅಪರಾಧವಲ್ಲ ಎಂಬ ವಿವರಣೆಯೂ ಕಲಂನಲ್ಲೇ ಇದೆ. ನ್ಯಾಯಸಮ್ಮತ ಭಿನ್ನಮತವನ್ನು ಹತ್ತಿಕ್ಕಲು ಇದನ್ನು ಬಳಸಬಾರದೆಂದು ರಾಜಸ್ಥಾನ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ.

ಇನ್ನು ಮೊಬೈಲ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಬರೆಯುವ ಮಾತು. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ನಿಧನರಾದಾಗ ಮುಂಬೈ ಸ್ತಬ್ಧವಾಗಿದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಅದನ್ನು ಮೆಚ್ಚಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಆಗ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಇತ್ತು. ಕಿರಿಕಿರಿ, ಅನಾನುಕೂಲ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಸಜೆ. ರಾಜಕೀಯ ವಾದವೆಂದ ಮೇಲೆ ಒಬ್ಬರಿಗೆ ಕಿರಿಕಿರಿ ಆಗಿಯೇ ಆಗುತ್ತದೆ. ಆ ಬಂಧನದಿಂದ ಕೆರಳಿ ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟ್‌ಗೆ ಹೋದರು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ್ ಮತ್ತು ನಾರಿಮನ್ 66ಎಯನ್ನು ಪೂರ್ತಿಯಾಗಿ ರದ್ದುಮಾಡಿದರು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಆ ತೀರ್ಪಿನಲ್ಲಿಯೇ. ಮಾತಿಗೆ ಮೂರು ಹಂತಗಳನ್ನು ಅದು ಗುರುತಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಒಂದು ವಿಷಯವನ್ನು ಚರ್ಚಿಸುವುದು, ಅದರ ಪರವಾಗಿ ಗಟ್ಟಿಯಾಗಿ ವಾದಿಸುವುದು, ಆ ವಾದ ಎಷ್ಟೇ ಜನರಿಗೆ ಹಿಡಿಸದಿದ್ದರೂ, ಸ್ವಾತಂತ್ರ್ಯದ ಒಳಗೇ ಬರುತ್ತದೆ. ಕಾನೂನು ಕೈಹಾಕಬೇಕಾದುದು ಪ್ರಚೋದನೆಯ ಹಂತದಲ್ಲಿ. ‘ಈ ಕಾಯ್ದೆ ರೈತರಿಗೆ ಮಾಡಿದ ಮೋಸ, ಇದನ್ನು ತಂದವರನ್ನು ಚುನಾವಣೆಯಲ್ಲಿ ಸೋಲಿಸಬೇಕು’ ಎಂಬುದು ಪ್ರತಿಪಾದನೆ. ‘ನಾಳೆ ಅವರ ಕಚೇರಿಗೆ ನುಗ್ಗಿ ಬೆಂಕಿ ಹಚ್ಚೋಣ ಬನ್ನಿ’ ಎಂಬುದು ಪ್ರಚೋದನೆ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಹೆದರಿಕೆ ಕರಗುತ್ತದೆ.

66ಎ ರದ್ದಾದ ಮೇಲೂ ಎಷ್ಟೋ ಠಾಣೆಗಳಲ್ಲಿ ಅದರ ಅಡಿ ಎಫ್‌ಐಆರ್ ಆಗುತ್ತಲೇ ಇತ್ತು. ಇಲ್ಲದ ಕಾನೂನಿನಲ್ಲಿ ಕೇಸು! ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಹೊರಡಿಸಿ ಇದನ್ನು ನಿಲ್ಲಿಸಬೇಕಾಯಿತು. ಇನ್ನು ಮುಂದೆ ಯಾರಾದರೂ ನಿಮಗೆ 66ಎ ಹೆಸರು ಹೇಳಿ ಬೆದರಿಸಿದರೆ ಆ ಕಲಂ 2015ರಲ್ಲೇ ಸತ್ತಿದೆ ಎಂದು ಹೇಳಿ.

ಈಚಿನ ಎರಡು ತೀರ್ಪುಗಳು ನಿಮ್ಮಂಥವರಿಗೆ ಇನ್ನೂ ಹತ್ತಿರದವು. ಕೊಲ್ಹಾಪುರ ಜಿಲ್ಲೆಯ ಪ್ರಾಧ್ಯಾಪಕರೊಬ್ಬರು 370ನೇ ವಿಧಿಯ ರದ್ದತಿಯನ್ನು ಕರಾಳ ದಿನವೆಂದು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ್ದರು, ಪಾಕಿಸ್ತಾನದ ಸ್ವಾತಂತ್ರ್ಯ ದಿನಕ್ಕೆ ಶುಭಾಶಯವನ್ನೂ ಕೋರಿದ್ದರು. ಎಫ್‌ಐಆರ್ ಆಯಿತು, ಬಾಂಬೆ ಹೈಕೋರ್ಟ್ ರದ್ದುಮಾಡಲು ಒಪ್ಪಲಿಲ್ಲ. 2024ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು. ಸರ್ಕಾರದ ತೀರ್ಮಾನವನ್ನು ಟೀಕಿಸುವ ಹಕ್ಕು ಪ್ರತಿ ಪ್ರಜೆಗೂ ಇದೆ, ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಪೊಲೀಸರಿಗೆ ತಿಳಿವಳಿಕೆ ಕೊಡುವ ಕಾಲ ಬಂದಿದೆ ಎಂದಿತು. ಮರುವರ್ಷ, 2025ರ ಮಾರ್ಚ್ 28ರಂದು, ಸಂಸದ ಇಮ್ರಾನ್ ಪ್ರತಾಪ್‌ಗಢಿ ಹಂಚಿಕೊಂಡ ಕವಿತೆಯ ಮೇಲೆ ಗುಜರಾತಿನ ಜಾಮ್‌ನಗರದಲ್ಲಿ ದಾಖಲಾಗಿದ್ದ ಎಫ್‌ಐಆರ್ ಕೂಡ ರದ್ದಾಯಿತು. ಎರಡೂ ತೀರ್ಪುಗಳು ನಾಗಪುರದ ನ್ಯಾಯಮೂರ್ತಿ ವಿವಿಯನ್ ಬೋಸ್ ಸ್ವಾತಂತ್ರ್ಯಕ್ಕೂ ಮೊದಲೇ ಹಾಕಿಕೊಟ್ಟ ಅಳತೆಯನ್ನು ಎತ್ತಿಹಿಡಿದವು: ಮಾತಿನ ಪರಿಣಾಮವನ್ನು ವಿವೇಕವುಳ್ಳ, ಗಟ್ಟಿ ಮನಸ್ಸಿನ, ಧೈರ್ಯವಂತರ ದೃಷ್ಟಿಯಿಂದ ಅಳೆಯಬೇಕು. ಪ್ರತಿ ವಿರೋಧದಲ್ಲಿಯೂ ಅಪಾಯದ ವಾಸನೆ ಹಿಡಿಯುವ ಅಂಜುಬುರುಕರ ಕಣ್ಣಿನಿಂದ ಅಳೆಯಬಾರದು.

ಹಾಗಾದರೆ ಜಾರುವುದು ಎಲ್ಲಿ? ಗುರುತಿಲ್ಲದವರ ಜೊತೆಗಿನ ವಾದಕ್ಕೆ ಒಂದು ಗುಣವಿದೆ. ಎದುರಿರುವವರ ಮುಖ ಕಾಣದು, ಅವರ ಊರು, ಮನೆ ಗೊತ್ತಿಲ್ಲ. ನಾಲ್ಕು ಮಾತಿಗೆ ನೀತಿಯ ಚರ್ಚೆ ಮುಗಿದು ಐದನೆಯದಕ್ಕೆ ಜಾತಿ, ಧರ್ಮ, ಭಾಷೆಗೆ ಬಂದು ನಿಲ್ಲುತ್ತದೆ. ನಿಜವಾದ ಗೆರೆ ಅಲ್ಲಿದೆ. ನ್ಯಾಯ ಸಂಹಿತೆಯ 196ನೇ ಕಲಂ ಗುಂಪು ಗುಂಪುಗಳ ನಡುವೆ ದ್ವೇಷ ಬಿತ್ತುವುದನ್ನು ಶಿಕ್ಷಿಸುತ್ತದೆ. ಮೂರು ವರ್ಷದವರೆಗೆ ಸಜೆ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಇದು ಧರ್ಮ, ಜಾತಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹುಟ್ಟಿದ ಸ್ಥಳ, ವಾಸಸ್ಥಳ, ಭಾಷೆಯ ಹೆಸರೂ ಅದರಲ್ಲಿದೆ. ಹಿಂದಿ ಹೇರಿಕೆಯನ್ನು ವಿರೋಧಿಸಿ ಎಷ್ಟು ಬೇಕಾದರೂ ಬರೆಯಿರಿ, ಅದು ನೀತಿಯ ಟೀಕೆ. ‘ಆ ರಾಜ್ಯದವರು ಕಂಡಲ್ಲಿ ಹೊಡೆಯಿರಿ’ ಎಂದರೆ ಕಥೆ ಬೇರೆ. ಕನ್ನಡದ ಪರ ಬಿಸಿರಕ್ತದಲ್ಲಿ ವಾದಿಸುವ ನಮ್ಮ ಹುಡುಗರು ಇದನ್ನು ನೆನಪಿಡಬೇಕೆಂದು ನನಗೆ ಬಹಳ ಆಸೆ.

ಉದ್ದೇಶಪೂರ್ವಕವಾಗಿ ಧಾರ್ಮಿಕ ಭಾವನೆಗೆ ಘಾಸಿ ಮಾಡುವುದು 299ರ ಅಡಿ, ಭೀತಿ ಅಥವಾ ದ್ವೇಷ ಹುಟ್ಟಿಸುವ ಸುಳ್ಳು ಸುದ್ದಿ ಹಬ್ಬಿಸುವುದು 353ರ ಅಡಿ ಬರುತ್ತದೆ. ಹೆಣ್ಣುಮಗಳೊಬ್ಬಳು ವಾದದಲ್ಲಿ ಗೆಲ್ಲುತ್ತಿದ್ದಾಳೆ ಅನ್ನಿಸಿದಾಗ ಅವಳ ನಡತೆಯ ಬಗ್ಗೆ ಕೊಳಕು ಮಾತಾಡುವವರಿಗೆ 79ನೇ ಕಲಂ ಇದೆ, ಮೂರು ವರ್ಷದವರೆಗೆ ಸಜೆ. ಅಂಥವರ ಮೇಲೆ ದೂರು ಕೊಡಲು ಹಿಂಜರಿಯಬೇಡಿ. ಅದು ರಾಜಕೀಯ ಅಭಿಪ್ರಾಯವೇ ಅಲ್ಲ.

ಮಾನಹಾನಿಯ ಲೆಕ್ಕ ಬೇರೆ. ‘ಈ ಯೋಜನೆಯಲ್ಲಿ ಭ್ರಷ್ಟಾಚಾರ ನಡೆದಿರಬಹುದು, ತನಿಖೆಯಾಗಲಿ’ ಎನ್ನುವುದಕ್ಕೂ, ಹೆಸರು ಹಿಡಿದು ‘ಇವರು ಇಷ್ಟು ಕೋಟಿ ತಿಂದಿದ್ದಾರೆ’ ಎನ್ನುವುದಕ್ಕೂ ಅಂತರವಿದೆ. ಎರಡನೆಯದಕ್ಕೆ ನಿಮ್ಮ ಬಳಿ ಆಧಾರ ಬೇಕು. ಹೇಳಿದ್ದು ಸತ್ಯವಾಗಿದ್ದರಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಎಂದೂ ತೋರಿಸಬೇಕು. ಸಮಾಧಾನದ ಸಂಗತಿ ಎಂದರೆ 356ನೇ ಕಲಂನ ಈ ಅಪರಾಧಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು.

‘ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ತಮಿಳುನಾಡಿನ ನಟ, ಮಾಜಿ ಶಾಸಕರೊಬ್ಬರು 2018ರಲ್ಲಿ ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ನಿಂದಿಸುವ ಬರಹವನ್ನು ಓದದೆಯೇ ಹಂಚಿದೆ ಎಂದರು. ಸಂದೇಶ ಹಂಚುವುದೆಂದರೆ ಅದನ್ನು ಅನುಮೋದಿಸಿದಂತೆ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು; 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ನೆರವಿಗೆ ಬರಲಿಲ್ಲ. ಗುಂಪಿನ ಅಡ್ಮಿನ್ ಆಗಿರುವವರಿಗೆ ಇಷ್ಟು ಭಯ ಬೇಡ. ಸದಸ್ಯರೊಬ್ಬರು ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಸತ್ಯವನ್ನು ಮುಚ್ಚಿಡಲಾರೆ. ಕೊನೆಯಲ್ಲಿ ಗೆಲ್ಲುವುದೇ ಬೇರೆ, ಅಲ್ಲಿಯವರೆಗೆ ಅನುಭವಿಸುವುದೇ ಬೇರೆ. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಪೌರತ್ವ ಕಾಯ್ದೆಯನ್ನು ಟೀಕಿಸುವ ನಾಟಕವನ್ನು ಮಕ್ಕಳು ಆಡಿದರು. ಅದರಲ್ಲಿ ಪ್ರಧಾನಿಯ ಬಗ್ಗೆ ಒರಟು ಮಾತಿತ್ತು. ದೇಶದ್ರೋಹದ ಕೇಸು ದಾಖಲಾಯಿತು. ಶಿಕ್ಷಕಿಯೊಬ್ಬರೂ ವಿದ್ಯಾರ್ಥಿನಿಯೊಬ್ಬಳ ತಾಯಿಯೂ ಜೈಲು ಸೇರಿದರು, ಪುಟ್ಟ ಮಕ್ಕಳನ್ನು ಪೊಲೀಸರು ಪದೇ ಪದೇ ವಿಚಾರಣೆಗೆ ಒಳಪಡಿಸಿದರು. ಕರ್ನಾಟಕ ಹೈಕೋರ್ಟ್‌ನ ಕಲಬುರಗಿ ಪೀಠ 2023ರ ಜೂನ್‌ನಲ್ಲಿ ಪ್ರಕರಣವನ್ನು ರದ್ದುಮಾಡಿತು. ಆಡಿದ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು, ಆದರೆ ದೇಶದ್ರೋಹವಲ್ಲ ಎಂದಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ತಾಯಿ ಮಗಳಿಂದ ದೂರವಿದ್ದ ದಿನಗಳನ್ನು ಯಾವ ಆದೇಶವೂ ಹಿಂದಿರುಗಿಸದು. ಇದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬರಬೇಕಾದ ಸಂಗತಿಯೇ ಇದು.

ನೀವು ಸರ್ಕಾರಿ ನೌಕರರಾಗಿದ್ದರೆ ನಿಮ್ಮ ಸ್ವಾತಂತ್ರ್ಯ ಇನ್ನೂ ಕಿರಿದು. ಕೇಂದ್ರ ನೌಕರರಿಗೆ 1964ರ ನಡತೆ ನಿಯಮಗಳು, ರಾಜ್ಯ ನೌಕರರಿಗೆ 2021ರ ಕರ್ನಾಟಕದ ನಡತೆ ನಿಯಮಗಳು ಸರ್ಕಾರದ ನೀತಿಯ ಬಹಿರಂಗ ಟೀಕೆಯನ್ನು ತಡೆಯುತ್ತವೆ. ಕೇಸು ಬೀಳದಿದ್ದರೂ ಅಮಾನತು ಆಗಬಹುದು. ದುಬೈ, ಅಬುಧಾಬಿಯಲ್ಲಿ ದುಡಿಯುತ್ತಿರುವ ಕರಾವಳಿಯವರಿಗೂ ಒಂದು ಮಾತು. ನೀವು ಅಲ್ಲಿ ಕುಳಿತು ಭಾರತದ ರಾಜಕೀಯವನ್ನು ಚರ್ಚಿಸಿದರೂ ಅಲ್ಲಿನ ಕಾನೂನು ಅನ್ವಯಿಸುತ್ತದೆ. ಧರ್ಮ ನಿಂದನೆ, ವದಂತಿಯ ವಿಷಯದಲ್ಲಿ ಅದು ಬಹಳ ಕಠಿಣ. 2020ರಲ್ಲಿ ದ್ವೇಷದ ಬರಹಗಳಿಗಾಗಿ ಹಲವು ಭಾರತೀಯರು ಅಲ್ಲಿ ಕೆಲಸ ಕಳೆದುಕೊಂಡರು.

ಒಂದು ವೇಳೆ ಠಾಣೆಯಿಂದ ಕರೆ ಬಂದರೆ? ಮೊದಲು ಬರೆದದ್ದನ್ನು ಅಳಿಸಬೇಡಿ. ಇಡೀ ಸಂಭಾಷಣೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಹಿಂದುಮುಂದಿನ ಮಾತುಗಳೇ ನಿಮ್ಮ ಉದ್ದೇಶಕ್ಕೆ ಸಾಕ್ಷಿ. ಫೋನಿನಲ್ಲಿ ಕರೆದರೆ ಲಿಖಿತ ನೋಟಿಸ್ ಕೊಡುವಂತೆ ಮರ್ಯಾದೆಯಿಂದ ಕೇಳಿ. ತನಿಖೆ, ಬಂಧನದ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಂ ಇರುವುದು ಅದಕ್ಕಾಗಿಯೇ. ಏಳು ವರ್ಷದವರೆಗಿನ ಸಜೆಯ ಅಪರಾಧಗಳಲ್ಲಿ ಕಾರಣವಿಲ್ಲದೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿಯೇ ಹೇಳಿದೆ. ನೋಟಿಸ್ ಬಂದರೆ ತಪ್ಪಿಸಿಕೊಳ್ಳಬೇಡಿ, ವಕೀಲರೊಂದಿಗೆ ಹೋಗಿ. ಮಾತು, ಬರಹಕ್ಕೆ ಸಂಬಂಧಿಸಿ ಮೂರರಿಂದ ಏಳು ವರ್ಷದೊಳಗಿನ ಸಜೆಯ ದೂರು ಬಂದಾಗ, ಎಫ್‌ಐಆರ್‌ಗೆ ಮೊದಲು ಇದೇ ಸುರಕ್ಷಾ ಸಂಹಿತೆಯ 173(3)ನೇ ಕಲಂ ಪ್ರಕಾರ 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಎಂದು ಪ್ರತಾಪ್‌ಗಢಿ ತೀರ್ಪು ಹೇಳಿದೆ. ನಿಮ್ಮ ವಕೀಲರಿಗೆ ಅದನ್ನು ತೋರಿಸಿ. ವಕೀಲರ ಶುಲ್ಕ ಭರಿಸಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100.