ಅಳಿಸುವ ಶಕ್ತಿ ಚಿಪ್ ಒಳಗೇ ಬಂದಾಗ

ಫ್ಲ್ಯಾಶ್ (ಪವರ್ ಹೋದರೂ ಪ್ರೋಗ್ರಾಂ ಉಳಿಸಿಕೊಳ್ಳುವ ಮೆಮೊರಿ) ಅಳಿಸುವಾಗ ಪವರ್ ಹೋಗಬಾರದು, ಇಂಟರಪ್ಟ್ (ಓಡುತ್ತಿರುವ ಕೋಡನ್ನು ಮಧ್ಯೆ ತಡೆಯುವ ಕರೆ) ನಿಲ್ಲಿಸಿ, ವಾಚ್‌ಡಾಗ್ (ಆಗಾಗ ಸೂಚನೆ ಸಿಗದಿದ್ದರೆ ಚಿಪ್ ರಿಸೆಟ್ ಮಾಡುವ ಟೈಮರ್) ನೋಡಿಕೊಳ್ಳಿ. ಮೈಕ್ರೋಕಂಟ್ರೋಲರ್ (ಸಣ್ಣ ಸಾಧನಗಳನ್ನು ನಡೆಸುವ ಒಂದೇ ಚಿಪ್‌ನ ಕಂಪ್ಯೂಟರ್) ಡೇಟಾಶೀಟ್‌ಗಳಲ್ಲಿ ಇಂಥ ಮಾತು ಇದ್ದೇ ಇರುತ್ತದೆ. ಆದರೆ ಕಾರಣ ಗೊತ್ತಿಲ್ಲದೆ ಪಾಲಿಸಿದರೆ ಅವಸರದಲ್ಲಿ ಯಾವುದೋ ಒಂದನ್ನು ಬಿಟ್ಟೇಬಿಡುತ್ತೇವೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ಟ್ರಾನ್ಸಿಸ್ಟರ್‌ನೊಳಗೆ ಸುತ್ತಲೂ ಇನ್ಸುಲೇಷನ್ ಇರುವ ಗೇಟ್ ಎಂಬ ಪುಟ್ಟ ಭಾಗದಲ್ಲಿ ಎಲೆಕ್ಟ್ರಾನ್ ಕೂಡಿಹಾಕಿ ಮಾಹಿತಿ ಇಡಬಹುದು ಅಂತ 1967ರಲ್ಲಿ ಬೆಲ್ ಲ್ಯಾಬ್ಸ್‌ನ ಡಾವೊನ್ ಕಾಂಗ್ ಮತ್ತು ಸೈಮನ್ ಝೀ ತೋರಿಸಿದರು. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ಇಪ್ರಾಮ್ ಎಂಬ, ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್ ತಂದರು. ಅದರ ನೆತ್ತಿಯ ಮೇಲೊಂದು ಗಾಜಿನ ಕಿಟಕಿ. ಅಳಿಸಬೇಕೆಂದರೆ ಚಿಪ್ ಕಿತ್ತು ನೇರಳಾತೀತ ದೀಪದ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಇಡಬೇಕು, ಬರೆಯಬೇಕೆಂದರೆ ಪ್ರೋಗ್ರಾಮರ್ ಎಂಬ ಉಪಕರಣದಿಂದ ಹೆಚ್ಚಿನ ವೋಲ್ಟೇಜ್ ಕೊಡಬೇಕು. 2716 ಎಂಬ ಇಪ್ರಾಮ್ ಚಿಪ್‌ಗೆ 25 ವೋಲ್ಟ್. ಕಿಟಕಿಗೆ ಬೆಳಕು ಬೀಳದಂತೆ ಸ್ಟಿಕ್ಕರ್ ಅಂಟಿಸುವುದೇ ಆಗಿನ ದೊಡ್ಡ ಮುನ್ನೆಚ್ಚರಿಕೆ. ಬೋರ್ಡ್ ಮೇಲೆ ಕೂತ ಮೇಲೆ ಆ 25 ವೋಲ್ಟ್ ಅಲ್ಲಿ ಇರುತ್ತಲೇ ಇರಲಿಲ್ಲ. ಕೋಡ್ ಎಷ್ಟೇ ದಾರಿ ತಪ್ಪಿದರೂ ತನ್ನನ್ನು ತಾನು ಅಳಿಸಿಕೊಳ್ಳಲು ಆಗುತ್ತಿರಲಿಲ್ಲ.

1984ರಲ್ಲಿ ತೋಷಿಬಾದ ಫುಜಿಯೋ ಮಸುವೋಕ ಫ್ಲ್ಯಾಶ್ ಮೆಮೊರಿಯನ್ನು ಲೋಕಕ್ಕೆ ಪರಿಚಯಿಸಿದರು. ಮುಂದೆ ಅದು ಮೈಕ್ರೋಕಂಟ್ರೋಲರ್ ಒಳಗೂ ಸೇರಿತು. ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಚಾರ್ಜ್ ಪಂಪ್ ಕೂಡ ಒಳಗೇ ಬಂತು. ಈಗ ಓಡುತ್ತಿರುವ ಪ್ರೋಗ್ರಾಂ ತನ್ನದೇ ಫ್ಲ್ಯಾಶ್ ಅಳಿಸಿ ಬರೆಯಬಲ್ಲದು. ತುಂಬಾ ಅನುಕೂಲ, ನಿಜ. ಆದರೆ ಮೊದಲಿದ್ದ ಬೇಲಿ ಹೋಯಿತು, ಅಲ್ವಾ? ಇವತ್ತಿನ ಎಚ್ಚರಿಕೆಗಳಲ್ಲಿ ಹೆಚ್ಚಿನವು ಆ ಬೇಲಿಯನ್ನು ಮತ್ತೆ ಕಟ್ಟುವ ಕೆಲಸವೇ.

ಅನ್‌ಲಾಕ್ ಕೀ ತಗೊಳ್ಳಿ. ಎಸ್‌ಟಿಎಂ32 ಎಂಬ ಮೈಕ್ರೋಕಂಟ್ರೋಲರ್ ಬಳಗದಲ್ಲಿ ಎರಡು ನಿಗದಿತ ಸಂಖ್ಯೆಗಳನ್ನು ಅದೇ ಕ್ರಮದಲ್ಲಿ ಬರೆದರೆ ಮಾತ್ರ ಫ್ಲ್ಯಾಶ್ ತೆರೆಯುತ್ತದೆ. ಕೆಲಸ ಮುಗಿದ ತಕ್ಷಣ ಮತ್ತೆ ಲಾಕ್ ಮಾಡಿ, ಸುಮ್ನೆ ತೆರೆದಿಡಬೇಡಿ.

ವೋಲ್ಟೇಜ್ ವಿಷಯದಲ್ಲಿ ತಪ್ಪುವವರು ಜಾಸ್ತಿ. ವೋಲ್ಟೇಜ್ ಕುಸಿಯುವಾಗ ಸಿಪಿಯು ಸೂಚನೆಗಳನ್ನು ತಪ್ಪಾಗಿ ಓದುತ್ತದೆ, ಹಾಗೆ ಓದುತ್ತಾ ಫ್ಲ್ಯಾಶ್ ಬರೆಯುವ ಕೋಡಿನ ಮಧ್ಯಕ್ಕೇ ಹೋಗಿ ಬೀಳಬಹುದು. ವೋಲ್ಟೇಜ್ ನಿಗದಿತ ಮಟ್ಟಕ್ಕಿಂತ ಕುಸಿದರೆ ಚಿಪ್ ರಿಸೆಟ್ ಮಾಡುವ ಬ್ರೌನ್‌ಔಟ್ ಡಿಟೆಕ್ಟರ್ ಇರುವುದೇ ಇದಕ್ಕೆ. ಆದರೆ ಅದನ್ನು ಆನ್ ಮಾಡಿದರಷ್ಟೇ ಸಾಲದು. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರ್‌ಗೆ ಸುಮಾರು 3.8 ವೋಲ್ಟ್ ಬೇಕು. ಬ್ರೌನ್‌ಔಟ್ ಮಟ್ಟವನ್ನು 2.7ಕ್ಕೆ ಇಟ್ಟರೆ ನಡುವಿನ ಒಂದು ವೋಲ್ಟ್‌ಗೆ ಕಾವಲೇ ಇಲ್ಲ. 5 ವೋಲ್ಟ್ ಬೋರ್ಡ್ ಆದರೆ 4.3 ಇಡಿ.

ಅಳಿಸುವುದು ಅರ್ಧಕ್ಕೆ ನಿಂತರೆ ಇನ್ನೂ ಕಷ್ಟ. ಎಲೆಕ್ಟ್ರಾನ್‌ಗಳು ಅರ್ಧ ಒಳಗೆ, ಅರ್ಧ ಹೊರಗೆ. ಅಂಥ ಬಿಟ್ ಈಗ 1 (ಅಳಿಸಿದ ಸ್ಥಿತಿ) ಅಂತ ಓದಿಸಿ, ಬಿಸಿ ಏರಿದಾಗ 0 ಅನ್ನಬಹುದು. ಅಳಿಸಿದ್ದನ್ನು ಓದಿ ನೋಡುವ ವೆರಿಫೈ ಪಾಸ್ ಆಯಿತು ಅಂತ ನಂಬಿದವರು ಸಿಕ್ಕಿಬೀಳುವುದು ಇಲ್ಲೇ. ಹಾಗಾಗಿ ಕೆಲಸ ಅರ್ಧಕ್ಕೆ ನಿಂತಿತ್ತು ಅಂತ ಗೊತ್ತಾದರೆ, ಖಾಲಿ ಕಂಡರೂ ಆ ಪೇಜ್ (ಒಮ್ಮೆಗೆ ಅಳಿಸುವ ಫ್ಲ್ಯಾಶ್ ತುಂಡು) ಅನ್ನು ಮತ್ತೆ ಪೂರ್ತಿ ಅಳಿಸಿ. ಹೊಸ ಫರ್ಮ್‌ವೇರ್ (ಚಿಪ್‌ನ ಪ್ರೋಗ್ರಾಂ) ಸರಿ ಇದೆ ಅನ್ನುವ ಗುರುತನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ. ಚಿಪ್ ಶುರುವಾದಾಗ ಮೊದಲು ಓಡುವ ಬೂಟ್‌ಲೋಡರ್ ಇರುವ ಜಾಗಕ್ಕೆ, ಯಾರೂ ಅಳಿಸಿ ಬರೆಯದಂತೆ ರೈಟ್ ಪ್ರೊಟೆಕ್ಷನ್ ಹಾಕಿ.

ವಾಚ್‌ಡಾಗ್ ಕೂಡ ಇದೇ ಗುಂಪಿನದು. ಎಸ್‌ಟಿಎಂ32ಎಫ್103ನಲ್ಲಿ ಒಂದು ಪೇಜ್ ಅಳಿಸಲು 40 ಮಿಲಿಸೆಕೆಂಡ್ ತನಕ ಬೇಕಾಗಬಹುದು. ಕೋಡ್ ಅದೇ ಫ್ಲ್ಯಾಶ್‌ನಲ್ಲಿದ್ದರೆ ಅಷ್ಟು ಹೊತ್ತು ಸಿಪಿಯು ಕಾಯುತ್ತಾ ನಿಲ್ಲುತ್ತದೆ, ವಾಚ್‌ಡಾಗ್ ಅನ್ನು ಸಮಾಧಾನ ಮಾಡುವವರು ಯಾರೂ ಇರುವುದಿಲ್ಲ. ಅದರ ಅವಧಿ 40ಕ್ಕಿಂತ ಕಡಿಮೆ ಇದ್ದರೆ ನಿಮ್ಮ ರಕ್ಷಣೆಗೆಂದು ಇಟ್ಟದ್ದೇ ಅಳಿಸುವ ಮಧ್ಯೆ ರಿಸೆಟ್ ಮಾಡುತ್ತದೆ.

ಸವಕಳಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇದೇ ಚಿಪ್‌ಗೆ 10,000 ಬಾರಿ ಅಳಿಸಿ ಬರೆಯುವ ಖಾತರಿ ಇದೆ. ನಿಮಿಷಕ್ಕೊಮ್ಮೆ ಒಂದೇ ಪೇಜ್ ಅಳಿಸಿ ಬರೆದರೆ ಅದು ಏಳೇ ದಿನಕ್ಕೆ ಮುಗಿಯುತ್ತದೆ.